ಆಕ್ಸಿಲರೇಟರಿಗೆ ಕಟ್ಟಿದ ಎಳೆ

ಮೊನ್ನೆ ಊರಿನಿಂದ ತಮ್ಮ ಒಂದು ಕಟ್ಟು ಟವೆಲ್ ಕಳಿಸಿದ್ದ. ನಮ್ಮದೇ ಶೆಡ್ಡಿನ ಮಾಲು. ಮೈಸೂರಿನಲ್ಲಿ ಟವೆಲ್ ಸಿಗುವುದಿಲ್ಲವೆಂದು ಅವನಿಗೆ ಯಾರು ಹೇಳಿದರೋ, ವರ್ಷಕ್ಕೊಮ್ಮೆ ತಪ್ಪದೆ ಕಳಿಸುತ್ತಾನೆ. ಕಟ್ಟು ಬಿಚ್ಚಿದ ಕೂಡಲೇ ಗಂಜಿಯ ವಾಸನೆ ರೂಮಿನ ತುಂಬ ಹರಡಿತು. ಒಂದೊಂದಾಗಿ ಕೊಡವಿ ಮಡಚಿ ಇಡುತ್ತಿದ್ದೆ. ಯಾವುದೋ ಒಂದರ ಅಂಚಿನ ಹತ್ತಿರ ಬೆರಳಿಗೆ ಏನೋ ತಗುಲಿತು. ಕನ್ನಡಕ ಹಾಕಿಕೊಂಡು ಹುಡುಕಿದರೆ ಕಾಣಲಿಲ್ಲ. ಕಣ್ಣುಮುಚ್ಚಿ ಸವರಿದರೆ ಇದೆ, ಸಾಸಿವೆಗಿಂತ ಸಣ್ಣ ಗಂಟು. ನೇಯುವಾಗ ಎಳೆ ತುಂಡಾಗಿದೆ, ಯಾರೋ ಸೇರಿಸಿ ಗಂಟು ಹಾಕಿದ್ದಾರೆ...

ಟವೆಲ್ ಹಿಡಿದುಕೊಂಡು ಹಾಗೇ ಮಂಚದ ಮೇಲೆ ಕೂತುಬಿಟ್ಟೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿದ್ದೇ ಕೂಗಿದ್ದು. ಕಂಡಿಕೆ ಅತ್ತೆ ನೆನಪಾಗಿ ಎದುರಿಗೆ ಬಂದು ಕೂತಿದ್ದಳು, ಕುಕ್ಕರಿಗೆ ಯಾರು ಏಳುತ್ತಾರೆ!

ಅವಳು ನಮಗೆ ರಕ್ತಸಂಬಂಧಿಯಲ್ಲ. ಕೋಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನಮ್ಮ ಎದುರುಮನೆಯವಳು. ನಮ್ಮ ಬೀದಿಯಲ್ಲಿ ಎಲ್ಲರೂ ನೇಯುವವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಅವಳಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದುತ್ತ ಓದುತ್ತ ಕಲಿತವಳು ನಾನು. ಅತ್ತೆ ಇದ್ದಿದ್ದರೆ ಇದನ್ನೆಲ್ಲ ಓದಿ ಹೇಳಬೇಕಾಗುತ್ತಿತ್ತು. ಸಾಲುಸಾಲಿಗೂ ತಡೆದು, "ಪೊಯ್ಯಿ ಹೇಳ್ಬ್ಯಾಡ ಕಣ್ಣು, ನಾನೆಲ್ಲಿ ಹಂಗಂದೆ?" ಎಂದು ಸುಳ್ಳು ಹಿಡಿದವಳ ಹಾಗೆ ಜಗಳಕ್ಕೆ ಬರುತ್ತಿದ್ದಳು.

ನಮ್ಮಪ್ಪನ ಶೆಡ್ಡಿನಲ್ಲಿ ಒಂದಷ್ಟು ಪವರ್‌ಲೂಮ್ ಮಗ್ಗಗಳಿದ್ದವು. ತಮಿಳಿನವರ ಹಾಗೆ ನಾವೂ ಮಗ್ಗಕ್ಕೆ ತರಿ ಎನ್ನುತ್ತಿದ್ದೆವು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಯೇ ಕಂಡಿಕೆ. ರಾಟೆ ತಿರುಗಿಸಿ ಅದಕ್ಕೆ ನೂಲು ಸುತ್ತುವುದು ಅತ್ತೆಯ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ನೂಲು ಅವಳ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಓಡುತ್ತಿತ್ತು. ಬಾಯಿ ಊರ ಸುದ್ದಿಯ ಮೇಲೆ, ಕಣ್ಣು ಬೀದಿಯ ಮೇಲೆ, ಬೆರಳು ಮಾತ್ರ ನೂಲಿನ ಮೇಲೆ. ನೂಲಿನಲ್ಲಿ ಗಂಟೋ ಉಬ್ಬೋ ಬಂದರೆ ಮಾತಿನ ನಡುವೆಯೇ ರಾಟೆ ನಿಲ್ಲುತ್ತಿತ್ತು. ಅದನ್ನು ಕಿತ್ತು ಸರಿಮಾಡಿ ಮತ್ತೆ ಅದೇ ಮಾತು ಮುಂದುವರಿಸುತ್ತಿದ್ದಳು.

ಅವಳ ಗಂಡ ಡ್ರೈವರ್ ಮಾಮ. ಸೋಮನೂರಿನಿಂದ ನಮ್ಮೂರಿನ ಮೇಲೆ ಕೋಯಮತ್ತೂರಿನ ಗಾಂಧಿಪುರಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರು. ತಂದೆಯ ಕೈಯಲ್ಲಿ ಬೈಸಿಕೊಂಡು ತರಿ ಬಿಟ್ಟು ಸ್ಟೀರಿಂಗ್ ಹಿಡಿದವರು. ಆ ಕಾಕಿ ಷರಟಿಗೆ ಅತ್ತೆ ಹಾಕುತ್ತಿದ್ದ ಇಸ್ತ್ರಿಯೇನು, ಅವರು ಎಣ್ಣೆ ಹಚ್ಚಿ ಬಾಚುತ್ತಿದ್ದ ಕ್ರಾಪೇನು! ಮಕ್ಕಳಿರಲಿಲ್ಲ. ಬಸ್ಸು ನಮ್ಮ ಬೀದಿಯ ತುದಿಯನ್ನು ದಾಟುವಾಗ ಮಾಮ ಎರಡು ಸಲ ಹಾರನ್ ಹೊಡೆಯುತ್ತಿದ್ದರು. ಒಂದು ಉದ್ದ, ಒಂದು ಗಿಡ್ಡ. ಶೆಡ್ಡಿನ ಅಷ್ಟು ಗದ್ದಲದಲ್ಲೂ ಅತ್ತೆಗೆ ಅದು ಕೇಳುತ್ತಿತ್ತು. ರಾಟೆ ಒಂದು ಕ್ಷಣ ನಿಂತು ಮತ್ತೆ ತಿರುಗುತ್ತಿತ್ತು. ನಾವು ಹುಡುಗಿಯರು ಮುಸಿಮುಸಿ ನಕ್ಕರೆ, "ಏನ್ರೇ ನಗೋದು? ನೂಲು ಸಿಕ್ಕಾಯ್ತು, ನಿಂತೆ" ಎನ್ನುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಮಾತು. ಆಗಿನ ಅವಿನಾಶಿ ರಸ್ತೆಯನ್ನು ಈಗಿನವರಿಗೆ ಹೇಗೆ ಹೇಳಲಿ? ಎರಡೂ ಕಡೆ ಹುಣಸೆಮರ. ಎದುರುಬದುರಾದ ಎರಡು ಬಸ್ಸುಗಳ ಕನ್ನಡಿಗಳು ತಾಗಿಕೊಳ್ಳುವಷ್ಟೇ ಜಾಗ. ಅದರಲ್ಲೇ ಹತ್ತಿ ಬೇಲಿನ ಲಾರಿಗಳು, ಎತ್ತಿನ ಗಾಡಿಗಳು, ಬಟ್ಟೆಯ ಗಂಟು ಹೇರಿಕೊಂಡ ಸೈಕಲ್ಲುಗಳು. ನಮ್ಮ ಬಸ್ಸಿನ ಬೆನ್ನಿಗೇ ಇನ್ನೊಂದು ಕಂಪನಿಯ ನೀಲಿ ಬಸ್ಸು ಹೊರಡುತ್ತಿತ್ತು. ಮುಂದೆ ಹೋದವನಿಗೆ ಮುಂದಿನ ಸ್ಟಾಪಿನ ಜನ, ಹಿಂದೆ ಬಿದ್ದವನಿಗೆ ಧೂಳು. ಬಸ್ಸಿನ ಹಿಂಭಾಗದಲ್ಲಿ ವೇಗದ ಮಿತಿಯನ್ನು ದಪ್ಪಕ್ಷರದಲ್ಲಿ ಬರೆದಿರುತ್ತಿದ್ದರು. ಹಿಂದೆ ಬಿದ್ದವನು ಓದಿಕೊಳ್ಳಲಿ ಎಂದಿರಬೇಕು. ಮೋಟಾರು ಇಲಾಖೆಯ ಇನ್ಸ್‌ಪೆಕ್ಟರಿಗೆ ನಮ್ಮ ಕಡೆ ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಹೆಸರು. ಅವರ ಜೀಪು ಎಲ್ಲಾದರೂ ನಿಂತಿದ್ದರೆ, ಎದುರಿಗೆ ಬರುವ ಲಾರಿಯವನು ಹಾಡುಹಗಲಲ್ಲೇ ಲೈಟು ಮಿಟುಕಿಸಿ ತಿಳಿಸಿಬಿಡುತ್ತಿದ್ದ. ಅಲ್ಲಿಂದ ಜೀಪು ದಾಟುವವರೆಗೆ ಬಸ್ಸು ಲಾರಿಗಳೆಲ್ಲ ಸೊಸೆಯಂದಿರ ಹಾಗೆ ತಲೆತಗ್ಗಿಸಿ ಹೋಗುತ್ತಿದ್ದವು. ದಾಟಿದ ಮೇಲೆ ಮತ್ತೆ ಅದೇ ಓಟ.

ಜನಕ್ಕೂ ಅದೇ ಬೇಕಿತ್ತು, ಸುಳ್ಳೇಕೆ ಹೇಳಲಿ. ಪೀಳಮೇಡಿನ ಕಾಲೇಜಿಗೆ ನಾನು ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಇಂಜಿನ್ನಿನ ಪಕ್ಕದ ಬಿಸಿ ಸೀಟು, ದೇವರ ಪಟಕ್ಕೆ ಅತ್ತೆ ಕಟ್ಟಿ ಕಳಿಸಿದ ದವನದ ವಾಸನೆ, ಡೀಸೆಲ್ ವಾಸನೆ. ನೀಲಿ ಬಸ್ಸನ್ನು ಹಿಂದೆ ಹಾಕಿದಾಗ ಹಿಂದಿನ ಸೀಟಿನವರು ಸಿಳ್ಳೆ ಹೊಡೆಯುತ್ತಿದ್ದರು. ಮಾಮ ಕನ್ನಡಿಯಲ್ಲಿ ಒಮ್ಮೆ ನೋಡಿ ಮೀಸೆಯಡಿ ನಗುತ್ತಿದ್ದರು. ಮನೆಯಲ್ಲಿ ಇದ್ಯಾವುದನ್ನೂ ಅವರು ಹೇಳುತ್ತಿರಲಿಲ್ಲ.

ಅತ್ತೆ ಅದುವರೆಗೆ ಗಂಡನ ಬಸ್ಸು ಹತ್ತಿದವಳಲ್ಲ. ಗಂಡನ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡರೆ ಅವಮಾನ, ತೆಗೆದುಕೊಳ್ಳದೆ ಕೂತರೆ ಇನ್ನೂ ಅವಮಾನ ಎಂಬುದು ಅವಳ ನ್ಯಾಯ. ಪೋತ್ತನೂರಿನಲ್ಲಿ ತಂಗಿಗೆ ಹೆರಿಗೆಯಾಗಿದ್ದಾಗ ಮಾತ್ರ ಬೇರೆ ದಾರಿಯಿಲ್ಲದೆ ಹತ್ತಿದಳು. ಜೊತೆಗೆ ನಾನು. ಸೀರೆಯ ಸೆರಗು ಹೊದ್ದು, ಯಾರೋ ಪರಿಚಯವಿಲ್ಲದವರ ಬಸ್ಸಿನ ಹಾಗೆ ಮುಖಮಾಡಿಕೊಂಡು ಕೂತಿದ್ದಳು. ಕಣಿಯೂರು ದಾಟಿದ ಮೇಲೆ ನೀಲಿ ಬಸ್ಸು ಹಾರನ್ ಹೊಡೆಯುತ್ತ ಪಕ್ಕಕ್ಕೆ ಬಂತು. ಮಾಮ ಬಿಡಲಿಲ್ಲ. ಎರಡು ಬಸ್ಸೂ ಹೆಗಲಿಗೆ ಹೆಗಲು ಕೊಟ್ಟು ಓಡಿದವು. ಎದುರಿಗೆ ಒಬ್ಬ ಸೈಕಲ್ಲಿನವನು, ಹಿಂದಿನ ಕ್ಯಾರಿಯರಿನಲ್ಲಿ ಬಟ್ಟೆಯ ದೊಡ್ಡ ಗಂಟು. ರಸ್ತೆ ಬಿಟ್ಟು ಹುಣಸೆಮರದ ಬುಡಕ್ಕೆ ಇಳಿಸಿದ, ಸೈಕಲ್ಲು ಗಂಟು ಎಲ್ಲ ಸಮೇತ ಉರುಳಿದ. ಬಸ್ಸಿನಲ್ಲಿ ಕೇಕೆ. ಅತ್ತೆ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಹಿಂದೆ ನೋಡುತ್ತಲೇ ಇದ್ದಳು.

"ಅವನು ಎದ್ದನೇನೇ?" ಎಂದು ನನ್ನನ್ನು ಕೇಳಿದಳು. ನಾನು ನೋಡಿರಲಿಲ್ಲ.

ಪೋತ್ತನೂರಿನಲ್ಲಿ ಹಸುಗೂಸನ್ನು ಮಡಿಲಲ್ಲಿ ಹಾಕಿಕೊಂಡೂ ಅದನ್ನೇ ಕೇಳಿದಳು. ವಾಪಸು ಬರುವಾಗ ನನ್ನನ್ನು ಬೇರೆ ಬಸ್ಸು ಹತ್ತಿಸಿ, ಆ ಮರದ ಹತ್ತಿರ ಬಂದಾಗ ಎದ್ದು ನಿಂತು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಗೊತ್ತಾಗಲಿಲ್ಲ.

ಅವತ್ತು ಸಂಜೆ ಬೀದಿಗೆಲ್ಲ ಕೇಳುವ ಹಾಗೆ ಜಗಳವಾಯಿತು. ಮಾಮನಿಗೆ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗುವಷ್ಟೂ ಪುರುಸೊತ್ತನ್ನು ಅತ್ತೆ ಕೊಡಲಿಲ್ಲ. "ತರಿಯಲ್ಲಿ ಒಂದು ಎಳೆ ಕಿತ್ರೆ ತರಿ ತಾನಾಗೇ ನಿಂತೋಗುತ್ತೆ. ನಿಮ್ಮ ಬಸ್ಸು ಏನು ಕಿತ್ರೆ ನಿಲ್ಲುತ್ತೆ? ಯಾರ ಕಾಲು ಕಿತ್ರೆ ನಿಲ್ಲುತ್ತೆ, ಹೇಳಿ" ಎಂದಳು. ಮಾಮ ನಕ್ಕು ತಳ್ಳಿಹಾಕಲು ನೋಡಿದರು. ಅವಳು ರಾಟೆಯಿಂದ ಒಂದು ಮೊಳ ನೂಲು ಹರಿದು ತಂದು ಅವರ ಕೈಗಿಟ್ಟಳು. ಆಕ್ಸಿಲರೇಟರಿನ ಪೆಡಲಿಗೂ ಮೇಲಿನ ಕಂಬಿಗೂ ಈ ಎಳೆ ಕಟ್ಟಬೇಕು. ಹದವಾಗಿ ಒತ್ತಿದರೆ ಎಳೆ ಸಡಿಲವಾಗಿರುತ್ತದೆ, ಹುಚ್ಚಾಗಿ ಒತ್ತಿದರೆ ತುಂಡಾಗುತ್ತದೆ. ಸಂಜೆ ಇಡೀ ಎಳೆ ತಂದು ತೋರಿಸಿದರೆ ತಟ್ಟೆಗೆ ಸೋರು, ಇಲ್ಲದಿದ್ದರೆ ಇಲ್ಲ!

ಗಂಡಸಾದವನು ಇದಕ್ಕೆ ಒಪ್ಪುತ್ತಾನೆಯೇ? ಮಾಮ ಒಪ್ಪಿದರು. ಹೆಂಡತಿಯ ಮೇಲಿನ ಆಸೆಗೋ, ಆ ಸೈಕಲ್ಲಿನವನು ಕನ್ನಡಿಯಲ್ಲಿ ಅವರಿಗೂ ಕಂಡಿದ್ದನೋ... ಯಾವತ್ತೂ ಹೇಳಲಿಲ್ಲ. ಮರುದಿನದಿಂದ ಬಸ್ಸು ಮೆಲ್ಲಗಾಯಿತು. ಸಂಜೆ ಮಾಮ ಉಂಗುರದ ಬೆರಳಿಗೆ ಎಳೆ ಸುತ್ತಿಕೊಂಡು ಬರುತ್ತಿದ್ದರು. ಅತ್ತೆ ಅದನ್ನು ಬಿಚ್ಚಿ ಬೆರಳ ಸಂದಿಯಲ್ಲಿ ಒಮ್ಮೆ ಎಳೆದು, ಮಾತಾಡದೆ ತಟ್ಟೆ ಇಡುತ್ತಿದ್ದಳು. ಬೀದಿಯವರಿಗೆ ನಗುವೋ ನಗು. ಬಸ್‌ಸ್ಟ್ಯಾಂಡಿನಲ್ಲಿ ಮಾಮನಿಗೆ 'ನೂಲು ಡ್ರೈವರು' ಎಂದು ಹೆಸರು ಬಿತ್ತು. ನಮ್ಮಪ್ಪನಿಗೆ ಮಾತ್ರ ಎಲ್ಲಿಲ್ಲದ ನೆಮ್ಮದಿ. ಇನ್ನು ಅದೇ ಬಸ್ಸಿನಲ್ಲಿ ಹೋಗು, ಅದೇ ಬಸ್ಸಿನಲ್ಲಿ ಬಾ, ನೀಲಿ ಬಸ್ಸು ಹತ್ತಿದರೆ ಓದು ಬಂದ್ ಎಂದುಬಿಟ್ಟರು.

ನಾನು ಹೋಗುತ್ತಿದ್ದೆ. ಆದರೆ ಜನ ಕಡಿಮೆಯಾದರು. ಮಾಮ ಮುಂದಿನ ಸ್ಟಾಪಿಗೆ ಬರುವಷ್ಟರಲ್ಲಿ ನೀಲಿ ಬಸ್ಸು ಎಲ್ಲರನ್ನೂ ಬಾಚಿಕೊಂಡು ಹೋಗಿರುತ್ತಿತ್ತು. ಒಂದು ದಿನ ಬಸ್ಸಿನ ಓನರು ಗಾಂಧಿಪುರದ ಸ್ಟ್ಯಾಂಡಿಗೇ ಬಂದು, ಎಲ್ಲ ಡ್ರೈವರುಗಳ ಮುಂದೆ, "ಸೀರೆ ಉಟ್ಕೊಂಡು ಓಡಿಸೋದಾದ್ರೆ ಸ್ಟೀರಿಂಗ್ ಬಿಟ್ಟು ಇಳಿ" ಎಂದರಂತೆ. ಮಾಮ ಇದನ್ನು ಮನೆಯಲ್ಲಿ ಹೇಳಲಿಲ್ಲ. ಕಂಡಕ್ಟರು ಹೇಳಿದ.

ಅದಾದ ಮೇಲೆ ನಾನು ಪರೀಕ್ಷೆಗೆ ಓದಿಕೊಳ್ಳಲು ರಜೆಯಲ್ಲಿ ಮನೆಯಲ್ಲೇ ಇದ್ದೆ. ಸಂಜೆ ಅತ್ತೆಯ ಜಗುಲಿಯ ಮೇಲೆ ಪುಸ್ತಕ ಹರಡಿಕೊಂಡು ಕೂರುವುದು ಅಭ್ಯಾಸ. ಮಾಮ ಬಂದರು. ಎಂದಿನಂತೆ ಬೆರಳಿನ ಎಳೆ ಬಿಚ್ಚಿ ಕೊಟ್ಟರು. ಅತ್ತೆ ನನ್ನ ಜೊತೆ ಯಾರದೋ ಮದುವೆಯ ಮಾತಾಡುತ್ತಲೇ ಎಳೆಯನ್ನು ಬೆರಳ ಸಂದಿಯಲ್ಲಿ ಎಳೆದಳು. ಮಾತು ನಿಂತಿತು. ಇನ್ನೊಮ್ಮೆ ಎಳೆದಳು, ಈ ಸಲ ಮೆಲ್ಲಗೆ. ಬೆರಳು ಅಲ್ಲೇ ನಿಂತಿತು. ನೇಯುವವರ ಮನೆಯ ಮಗ ಹಾಕಿದ ಗಂಟು, ಬೇರೆ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಹಗಲೆಲ್ಲ ಓಡಿಸಿ, ತುಂಡಾದ ಎಳೆಯನ್ನು ಸಂಜೆ ಸೇರಿಸಿ ತಂದಿದ್ದರು. ಸರಿ, ಯಾರಿಗೆ? ನೂಲಿನ ಮೇಲೆ ಬೆರಳಿಟ್ಟೇ ಬದುಕುವವಳಿಗೆ! ನಮ್ಮ ಜನ ಮಾತ್ರ ಮಾಡುವಂಥ ಪೆದ್ದತನ ಅದು.

ಅವಳು ಕೂಗಾಡುತ್ತಾಳೆಂದು ನಾನು ಪುಸ್ತಕ ಎತ್ತಿಕೊಂಡೆ. ಕೂಗಾಡಲಿಲ್ಲ.

"ಯಾವಾಗಿಂದ?"

"ಓನರು ಇಳಿ ಅಂದ್ಬುಟ್ರು ಮಾ" ಎಂದರು ಮಾಮ. "ಇಳಿದು ಏನು ಮಾಡ್ಲಿ? ನನಗೆ ಬರಾದು ಅದೊಂದೇ."

"ತರಿ ಬರುತ್ತಲ್ಲ."

ಮಾಮ ಕಾಕಿ ಷರಟಿನ ಗುಂಡಿ ಬಿಚ್ಚುತ್ತ ನೆಲ ನೋಡುತ್ತಿದ್ದರು. ಸ್ಟೀರಿಂಗ್ ಅಂದರೆ ಆ ಮನುಷ್ಯನಿಗೆ ಎಂಥ ಪ್ರಾಣವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವತ್ತು ಅವಳು ತಟ್ಟೆ ಇಟ್ಟಳು, ಬಡಿಸಿದಳು. ತಾನು ಮಾತ್ರ ಉಣ್ಣಲಿಲ್ಲ.

ಮರುದಿನ ನನ್ನನ್ನು ಕರೆದಳು. "ಕೋಯಮತ್ತೂರಿಗೆ ಹೋಗಬೇಕು, ಬಾ. ಬ್ರೇಕ್ ಇನ್ಸ್‌ಪೆಕ್ಟರ್ ಆಪೀಸು. ನೀನು ಕಾಲೇಜವಳು, ಬಾಗಿಲಲ್ಲಿ ತಡೆದ್ರೆ ಮಾತಾಡು." ಬೇಡ ಅತ್ತೆ, ಲೈಸೆನ್ಸ್ ಹೋದರೆ ಮಾಮ ಉಳಿಯುತ್ತಾರಾ ಎಂದೆ. "ಲೈಸೆನ್ಸ್ ಇದ್ರೆ ಉಳೀತಾರಾ?" ಎಂದು ತಿರುಗಿ ಕೇಳಿದಳು. ಮದುವೆಯ ಸೀರೆ ಉಟ್ಟು, ಗಂಟಿನ ಎಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟಳು.

ಆಫೀಸಿನ ಮುಂದೆ ಬೇವಿನ ಮರದ ಕೆಳಗೆ ಲಾರಿಯವರ ಜಾತ್ರೆ. ಇನ್ಸ್‌ಪೆಕ್ಟರು ಟಿಫಿನ್ ಬಾಕ್ಸ್ ತೆರೆದು ಮೊಸರನ್ನ ಉಣ್ಣುತ್ತಿದ್ದರು. ಮಾತೆಲ್ಲ ತಮಿಳಿನಲ್ಲಿ ನಡೆಯಿತು, ನನಗೆ ಮಾತ್ರ ಅದು ಕನ್ನಡದಲ್ಲೇ ನೆನಪಿದೆ.

"ಯಾರ ಮೇಲಮ್ಮ ಕಂಪ್ಲೇಂಟು?"

"ನಮ್ಮ ಮನೆಯವರ ಮೇಲೆ ಸಾಮಿ."

"ಹೊಡೀತಾರಾ? ಅದಕ್ಕೆ ಪೊಲೀಸ್ ಸ್ಟೇಷನ್‌ಗೆ ಹೋಗಬೇಕು."

"ಹೊಡೆಯಲ್ಲ ಸಾಮಿ, ಬಂಗಾರದಂಥವರು. ಬಸ್ಸು ಓಡಿಸ್ತಾರೆ."

ಇನ್ಸ್‌ಪೆಕ್ಟರು ಕೈಯಲ್ಲಿದ್ದ ತುತ್ತು ಬಾಕ್ಸಿನಲ್ಲೇ ಬಿಟ್ಟು ನೋಡಿದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಎಳೆಯನ್ನು ಮೇಜಿನ ಮೇಲಿಟ್ಟಳು. ಸೈಕಲ್ಲಿನವನಿಂದ ಹಿಡಿದು ನಿನ್ನೆಯ ಸಂಜೆಯವರೆಗೆ ಎಲ್ಲ ಹೇಳಿದಳು. ಪಕ್ಕದ ಮೇಜಿನವರು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಲೈಸೆನ್ಸ್ ಕಿತ್ತುಕೊಂಡರೆ ಊಟಕ್ಕೆ ಏನು ಮಾಡುತ್ತೀಯಮ್ಮ ಎಂದು ಕೇಳಿದರು.

"ಊಟಕ್ಕೆ ನನ್ನ ರಾಟೆ ಐತೆ ಸಾಮಿ. ಅವರೇ ಇಲ್ದಿದ್ರೆ ನಾನು ಯಾರಿಗೆ ಬಡಿಸ್ಲಿ?" ಎಂದಳು. ಸೆರಗು ಸರಿಮಾಡಿಕೊಂಡು, "ನಮ್ಮವರನ್ನ ಮೊದ್ಲು ಹಿಡೀರಿ. ಆಮೇಲೆ ಆ ನೀಲಿ ಬಸ್ಸನ್ನ ಬಿಡಬ್ಯಾಡಿ. ಜೀಪಲ್ಲಿ ಬಂದ್ರೆ ನೀವು ಬರಾ ಮುಂಚೆ ಲಾರಿಯವರು ಲೈಟ್ ಹಾಕಿ ಹೇಳ್ಬುಡ್ತಾರೆ. ಎಲ್ಲರ ಹಂಗೆ ಟಿಕೆಟ್ ತಗೊಂಡು ಬಸ್ಸಲ್ಲಿ ಬನ್ನಿ" ಎಂದಳು.

ನನಗೆ ಪರೀಕ್ಷೆ ಶುರುವಾದ ದಿನ, ನಮ್ಮೂರಿನ ಸ್ಟಾಪಿನಲ್ಲಿ ಬಸ್ಸು ಹತ್ತಿದರೆ, ಡ್ರೈವರ್ ಸೀಟಿನ ಹಿಂದೆ ಪಂಚೆ ಉಟ್ಟು, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಅದೇ ಇನ್ಸ್‌ಪೆಕ್ಟರು ಕೂತಿದ್ದಾರೆ! ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದರು. ನಾನು ಪುಸ್ತಕ ತೆರೆದೆ. ಓದಿದ್ದು ಒಂದಕ್ಷರವೂ ತಲೆಗೆ ಹೋಗಲಿಲ್ಲ. ಮಾಮ ಇವತ್ತೊಂದು ದಿನ ಮೆಲ್ಲಗೆ ಹೋಗಲಪ್ಪಾ ಎಂದು ಬೇಡಿಕೊಂಡೆ. ಬೀದಿಯ ತುದಿಯಲ್ಲಿ ಮಾಮ ಎಂದಿನಂತೆ ಹಾರನ್ ಹೊಡೆದರು, ಒಂದು ಉದ್ದ, ಒಂದು ಗಿಡ್ಡ. ಕಣಿಯೂರಿನ ಹತ್ತಿರ ನೀಲಿ ಬಸ್ಸು ಪಕ್ಕಕ್ಕೆ ಬಂತು. ಮಾಮ ಬಿಡಲಿಲ್ಲ. ಅಷ್ಟಾದರೂ ಕಟ್ಟುವುದು ಬಿಟ್ಟಿರದ ಎಳೆ ಪಟ್ಟೆಂದು ತುಂಡಾಗಿ ಪೆಡಲಿನಿಂದ ಜೋತುಬಿದ್ದದ್ದು ನನ್ನ ಸೀಟಿಗೇ ಕಂಡಿತು. ಎತ್ತಿನ ಗಾಡಿಯೊಂದು ಹೆದರಿ ಹೊಲಕ್ಕಿಳಿಯಿತು. ನೀಲಂಬೂರು ಬರುವಷ್ಟರಲ್ಲಿ ಇನ್ಸ್‌ಪೆಕ್ಟರು ಎದ್ದು ಮಾಮನ ಹೆಗಲ ಮೇಲೆ ಕೈಯಿಟ್ಟರು.

"ಓರ ಕಟ್ಟಪ್ಪ."

ಮಾಮ ಬಸ್ಸನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು. ಇನ್ಸ್‌ಪೆಕ್ಟರು ಇಳಿದು, ಹಿಂದೆ ಬಂದ ನೀಲಿ ಬಸ್ಸನ್ನೂ ಕೈಯಡ್ಡ ಹಿಡಿದು ನಿಲ್ಲಿಸಿದರು. ಎರಡೂ ಬಸ್ಸಿನ ಜನ ಇಳಿದು ಸುತ್ತ ನಿಂತರು. ಬ್ರೇಕು, ಟೈರು, ಕಾಗದ ಎಲ್ಲ ನೋಡುತ್ತ ಇನ್ಸ್‌ಪೆಕ್ಟರು ಪೆಡಲಿನ ಹತ್ತಿರ ಬಗ್ಗಿದಾಗ, ಮಾಮ ತಾವಾಗಿಯೇ, "ಅದು ಮನೆಯಲ್ಲಿ ಕಟ್ಟು ಅಂತ ಕೊಟ್ಟಿದ್ದು ಸಾರ್" ಎಂದರು.

"ಗೊತ್ತು" ಎಂದರು ಇನ್ಸ್‌ಪೆಕ್ಟರು.

ಆ ಒಂದು ಮಾತಿಗೆ ಮಾಮನಿಗೆ ಎಲ್ಲ ಅರ್ಥವಾಯಿತು. ತಿರುಗಿ ನನ್ನನ್ನು ನೋಡಿದರು. ಕೋಪವಿರಲಿಲ್ಲ ಆ ನೋಟದಲ್ಲಿ. ಏನಿತ್ತೆಂದು ಇವತ್ತಿಗೂ ಹೇಳಲಾರೆ...

ಸಂಜೆ ಮನೆಗೆ ಬಂದವರು ಎರಡು ತುಂಡು ಎಳೆಯನ್ನು ಅತ್ತೆಯ ಮುಂದಿಟ್ಟು, "ಗಂಟು ಹಾಕಿಲ್ಲ. ಸಂತೋಷನಾ?" ಎಂದರು. ಅಷ್ಟೇ. ಆಮೇಲೆ ಅವಳ ಜೊತೆ ಮಾತು ಬಿಟ್ಟರು.

ಎರಡೂ ಬಸ್ಸಿನ ಡ್ರೈವರುಗಳ ಲೈಸೆನ್ಸ್ ಕೆಲವು ತಿಂಗಳು ಅಮಾನತಾಯಿತು. ಎರಡು ಬಸ್ಸುಗಳ ಸಮಯವನ್ನು ಒಂದಕ್ಕೊಂದು ದೂರ ಮಾಡಿದರು. ಅದು ಒಂದಷ್ಟು ಕಾಲ ನಡೆಯಿತು, ಆಮೇಲೆ ಯಾರೋ ಯಾರನ್ನೋ ಹಿಡಿದು ಮತ್ತೆ ಹತ್ತಿರ ಮಾಡಿಸಿಕೊಂಡರು. ಲೈಸೆನ್ಸ್ ವಾಪಸು ಬಂದರೂ ಓನರು ಮಾಮನನ್ನು ಸೇರಿಸಿಕೊಳ್ಳಲಿಲ್ಲ. ಬೇರೆ ಓನರುಗಳೂ ಬೇಡವೆಂದರು. ಹೆಂಡತಿಯೇ ಹಿಡಿದುಕೊಡುವ ಡ್ರೈವರು ಯಾರಿಗೆ ಬೇಕು? ಮಾಮ ನಮ್ಮಪ್ಪನ ಶೆಡ್ಡಿಗೆ ಬಂದು ತರಿಯ ಮುಂದೆ ನಿಂತರು.

ಬೀದಿಯವರು ಅತ್ತೆಯನ್ನು ಸುಮ್ಮನೆ ಬಿಡಲಿಲ್ಲ. ಗಂಡನ ಅನ್ನಕ್ಕೆ ಮಣ್ಣು ಹಾಕಿದವಳು ಎಂದರು, ನಲ್ಲಿಯ ಹತ್ತಿರ ಕೊಡ ಸರಿಸಿದರು. ಹೊಸ ಡ್ರೈವರು ಮಾಮನಿಗಿಂತ ಜೋರಾಗಿ ಓಡಿಸುತ್ತಿದ್ದ, ಅವನಿಗೂ ಏನೂ ಆಗಲಿಲ್ಲ. "ಈಗ ಏನಾಯ್ತು ನೋಡು, ಏನಾದ್ರೂ ಆಯ್ತಾ?" ಎಂದು ನಮ್ಮಜ್ಜಿಯೇ ಒಂದು ದಿನ ಅವಳ ಮುಖಕ್ಕೆ ಹೇಳಿದರು.

"ಏನೂ ಆಗಲಿಲ್ಲ ಅಜ್ಜಿ" ಎಂದಳು ಅತ್ತೆ, ರಾಟೆ ತಿರುಗಿಸುತ್ತಲೇ. "ಏನೂ ಆಗಬಾರದೂಂತ ತಾನೇ ನಾನು ಹೋಗಿದ್ದು."

ಆ ದಿನಗಳಲ್ಲಿ ಇಬ್ಬರಿಗೂ ಒಂದೇ ಶೆಡ್ಡು. ಒಂದು ಮೂಲೆಯಲ್ಲಿ ಅತ್ತೆಯ ರಾಟೆ, ಇನ್ನೊಂದು ಕಡೆ ಮಾಮನ ತರಿ. ಅವಳು ಸುತ್ತಿದ ಕಂಡಿಕೆಯನ್ನೇ ಅವರು ಲಾಳಿಗೆ ಹಾಕಬೇಕು. ಬುಟ್ಟಿ ಅವಳ ಕೈಯಿಂದ ಅವರ ಕೈಗೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ. ಬಸ್ಸು ಬೀದಿಯ ತುದಿ ದಾಟುವ ಹೊತ್ತಿಗೆ ಬೇರೆ ಯಾರದೋ ಕೈಯ ಹಾರನ್ ಕೇಳುತ್ತಿತ್ತು. ಅತ್ತೆಯ ರಾಟೆ ನಿಲ್ಲುತ್ತಿತ್ತು. ತರಿಯ ಮುಂದೆ ನಿಂತ ಮಾಮನ ಬಲಗಾಲು, ಅವರಿಗೇ ಗೊತ್ತಿಲ್ಲದೆ, ಸಿಮೆಂಟು ನೆಲವನ್ನು ಒತ್ತುತ್ತಿತ್ತು. ಅದನ್ನು ಅವಳು ನೋಡುತ್ತಿದ್ದಳು, ಅವಳು ನೋಡುವುದನ್ನು ನಾನು ನೋಡುತ್ತಿದ್ದೆ. ತನ್ನ ಗಂಡ ಬೇಕೆಂದು ಹೋದವಳಿಗೆ ಕಣ್ಣಮುಂದೆಯೇ ಇದ್ದ ಗಂಡ ಸಿಗಲಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಅತ್ತಿದ್ದೇನೆ.

ಮಳೆಗಾಲ ಕಳೆದು ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಮಾಮ ತರಿ ನಿಲ್ಲಿಸಿದರು. ಆಗಷ್ಟೇ ಕತ್ತರಿಸಿದ ಬಟ್ಟೆಯ ಥಾನನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅತ್ತೆಯ ಮಡಿಲಿಗೆ ಒಗೆದರು. "ಇದರಲ್ಲಿ ಒಂದು ಗಂಟು ಐತೆ. ಹುಡುಕು ನೋಡಾಣ" ಎಂದರು. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ನೋಡಿದರು. ಅತ್ತೆ ಮುಖ ಎತ್ತಲಿಲ್ಲ. ಕಣ್ಣುಮುಚ್ಚಿ ಬಟ್ಟೆಯನ್ನು ಮೊಳಮೊಳವಾಗಿ ಸವರುತ್ತ ಹೋದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಬೆರಳು ಮಾತ್ರ ಓಡುತ್ತಲೇ ಇತ್ತು. ಒಂದು ಕಡೆ ನಿಂತಿತು.

"ಸಿಕ್ತು ನೋಡಿ" ಎಂದಳು.

ಮಾಮ ಗೊಳ್ಳೆಂದು ನಕ್ಕರು. ಅಷ್ಟು ದಿನದ ಮೇಲೆ ಅವರ ನಗು ಕೇಳಿ ನಮಗೆಲ್ಲ ಏನೋ ಬಿಡುಗಡೆಯಾದ ಹಾಗಾಯಿತು. ಅವತ್ತು ಸಂಜೆ ಎದುರುಮನೆಯಿಂದ ಒಗ್ಗರಣೆಯ ವಾಸನೆ ಬಂದಾಗ ನಮ್ಮಮ್ಮ ಬಾಗಿಲಲ್ಲಿ ನಿಂತು ಕೈಮುಗಿದಳು.

ಮಾಮ ಮತ್ತೆ ಸ್ಟೀರಿಂಗ್ ಹಿಡಿದದ್ದು ನನಗೆ ಗೊತ್ತಿರುವಂತೆ ಒಂದೇ ಸಲ, ನನ್ನ ಮದುವೆಗೆ. ದಿಂಬಂ ಘಾಟಿಯ ಮೇಲೆ ಮೈಸೂರಿಗೆ ಹೆಣ್ಣಿನ ಕಡೆಯವರ ವ್ಯಾನು ಓಡಿಸಿದರು. ಮುಂದಿನ ಸೀಟಿನಲ್ಲಿ ಅತ್ತೆ, ಪೆಡಲಿಗೆ ಎಳೆ. ಹಿಂದಿನ ಲಾರಿಗಳು ಬಾಯಿಬಡಿದುಕೊಂಡವು. ಬೀಗರು ಆರತಿ ತಟ್ಟೆ ಹಿಡಿದು ನಿಂತು ನಿಂತು ಸೋತಿದ್ದರು. ನನ್ನ ಗಂಡನ ತಾಯಿ ಆ ಸಿಟ್ಟನ್ನು ವರ್ಷಗಟ್ಟಲೆ ನನ್ನ ಮೇಲೆ ತೀರಿಸಿಕೊಂಡರು. ಇಳಿದ ಮೇಲೆ ಕಂಡಿಕೆ ಅತ್ತೆ ಇಡೀ ಎಳೆಯನ್ನು ನನ್ನ ಕೈಗೆ ಕಟ್ಟಿ, ಕೆನ್ನೆ ಸವರಿ, "ಬದುಕ್ಕೋ ಕಣ್ಣು" ಎಂದಳು...

ಕೆಲವು ವರ್ಷಗಳ ಹಿಂದೆ ಅವಳು ಹೋದಳು. ಹತ್ತಿಯ ಧೂಳು ಎದೆಯೊಳಗೆ ಸೇರಿ ಉಸಿರಾಡಲು ಆಗುತ್ತಿರಲಿಲ್ಲ. ಕೋಯಮತ್ತೂರಿನ ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಧ್ಯಾಹ್ನ ವ್ಯಾನಿನಲ್ಲಿ ಅವಳನ್ನು ಊರಿಗೆ ಕರೆತಂದೆವು. ಮಾಮ ಡ್ರೈವರಿನ ಪಕ್ಕ, ನಾನು ಹಿಂದೆ ಅವಳ ತಲೆಯ ಹತ್ತಿರ. ಮಾಮ ದಿನವೂ ಬಸ್ಸು ಓಡಿಸುತ್ತಿದ್ದ ಅದೇ ದಾರಿ. ಹುಣಸೆಮರ ಒಂದೂ ಇಲ್ಲ. ಅಗಲವಾದ ರಸ್ತೆ, ಗುಡುಗಿಕೊಂಡು ಹೋಗುವ ಕಂಟೇನರ್ ಲಾರಿಗಳು. ಎಳೆ ವಯಸ್ಸಿನ ಡ್ರೈವರು ಕಿವಿಗೆ ಫೋನ್ ಸಿಕ್ಕಿಸಿಕೊಂಡು ಅವುಗಳ ನಡುವೆ ನುಗ್ಗಿಸುತ್ತಿದ್ದ. ಅವನಿಗೆ ಅವತ್ತು ಇನ್ನೊಂದು ಕಡೆಗೂ ಹೋಗಬೇಕಿತ್ತಂತೆ. ಪ್ರತಿ ತಿರುವಿಗೂ ಅತ್ತೆಯ ತಲೆ ಅತ್ತಿತ್ತ ಅಲುಗುತ್ತಿತ್ತು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ನೀಲಂಬೂರಿನ ಹತ್ತಿರ ಮಾಮ, "ಓರ ಕಟ್ಟಪ್ಪ" ಎಂದರು.

ಇಳಿದು ಹಿಂದೆ ಬಂದರು. ಅತ್ತೆಗೆ ಹೊದಿಸಿದ್ದ ಹೊಸ ಬಿಳಿ ಬಟ್ಟೆಯ ಅಂಚಿನಿಂದ ಒಂದು ಎಳೆ ಎಳೆದು ತೆಗೆದರು. ಎಳೆ ನಡುವೆ ತುಂಡಾಗದೆ ಪೂರ್ತಿ ಬಂತು. ಆ ಹುಡುಗನ ಕಾಲಬುಡದಲ್ಲಿ ಬಗ್ಗಿ ಪೆಡಲಿಗೆ ಕಟ್ಟಿದರು. ಅವನು ಗಾಬರಿಯಿಂದ ನನ್ನ ಮುಖ ನೋಡಿದ. ಅಜ್ಜನಿಗೆ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. "ಅದು ಕಿತ್ತು ಹೋಗಬಾರದು ತಂಬಿ, ಅಷ್ಟೇ" ಎಂದೆ. ಫೋನ್ ತೆಗೆದಿಟ್ಟ. ಏನು ಅರ್ಥವಾಯಿತೋ, ಪಾಪ, ಮೆಲ್ಲಗೆ ಹೊರಟ. ಹಿಂದೆ ಲಾರಿಗಳು ಹಾರನ್ ಹೊಡೆದವು, ಬೈದುಕೊಂಡು ದಾಟಿದವು. ನಾವು ನಿಧಾನಕ್ಕೆ ಊರು ಸೇರಿದೆವು. ಬೀದಿಯ ತುದಿಯಲ್ಲಿ ಮಾಮ ಕೈಚಾಚಿ ತಾವೇ ಹಾರನ್ ಒತ್ತಿದರು. ಒಂದು ಉದ್ದ, ಒಂದು ಗಿಡ್ಡ.

ಮನೆಯ ಮುಂದೆ ಇಳಿಸಿದ ಮೇಲೆ ಎಳೆ ಬಿಚ್ಚಿ ತಂದು, ಅತ್ತೆಯ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿಟ್ಟು, ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಎಳೆದರು.

"ನೋಡು ಮಾ, ಗಂಟಿಲ್ಲ" ಎಂದರು.

ಮಾಮನೂ ಆಮೇಲೆ ಬಹಳ ದಿನ ಇರಲಿಲ್ಲ. ಎದುರುಮನೆ ಈಗ ನೂಲಿನ ಗೋದಾಮು.

ಕುಕ್ಕರು ತಳ ಹಿಡಿದ ವಾಸನೆ ಬಂದು ಎದ್ದೆ. ಉಳಿದ ಟವೆಲ್ಲುಗಳನ್ನು ಯಾರಿಗಾದರೂ ಕೊಟ್ಟೇನು, ಈ ಗಂಟಿನದನ್ನು ಮಾತ್ರ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನೆಯೂ ತೆಗೆದು ಸವರಿದೆ. ಆ ಸೈಕಲ್ಲಿನವನು ಕಣ್ಣಮುಂದೆ ಬಂದ, ಹುಣಸೆಮರದ ಬುಡದಲ್ಲಿ ಬಟ್ಟೆಯ ಗಂಟಿನ ಜೊತೆ ಬಿದ್ದವನು. ಕೊನೆಯ ಸಲ ಆಸ್ಪತ್ರೆಯಿಂದ ಫೋನಿನಲ್ಲಿ ಮಾತಾಡಿದಾಗಲೂ, ಉಸಿರು ಸಾಲದ ಗಂಟಲಲ್ಲಿ, ಅತ್ತೆ ಅವನನ್ನೇ ಕೇಳಿದ್ದಳು. ಅವನು ಎದ್ದನೇನೇ ಎಂದು ಕೇಳುವವರು ಈಗ ಯಾರೂ ಇಲ್ಲ, ನಾನೊಬ್ಬಳೇ ಉಳಿದಿದ್ದೇನೆ.